ನಮ್ಮ ಸರ್ಜಾ ಫ್ರೆಂಚ್‌ನಲ್ಲಿ ‘ಅದು’ ಅಲ್ಲ, ‘ಅಂವ’

‘ಅವೇ ವೂ ಅನ್ ಆನಿಮಾಲ್ ಆ ಲಾ ಮೇಝೋಂ?’

ಆನ್‌ಲೈನ್ ಫ್ರೆಂಚ್ ತರಗತಿಯ ಮೂರನೇ ವಾರ. ಮನೆಯಲ್ಲಿ ಯಾವುದಾದರೂ ಪ್ರಾಣಿ ಸಾಕಿದ್ದೀರಾ ಎಂದು ಮೇಡಂ ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಬೆಂಗಳೂರಿನ ಹುಡುಗಿಯೊಬ್ಬಳು ತನ್ನ ಲ್ಯಾಬ್ರಡಾರ್ ನಾಯಿಯನ್ನು ಕ್ಯಾಮೆರಾ ಮುಂದೆ ಎಳೆದು ತೋರಿಸಿದಳು. ಇನ್ನೊಬ್ಬ ತನ್ನ ಅಕ್ವೇರಿಯಂನ ಗೋಲ್ಡ್ ಫಿಶ್ ಬಗ್ಗೆ ಹೇಳಿದ. ಫ್ರೆಂಚರು ಅದನ್ನು ‘ಪ್ವಾಸೋಂ ರೂಝ್’, ಅಂದರೆ ‘ಕೆಂಪು ಮೀನು’ ಎನ್ನುತ್ತಾರಂತೆ. ಆಮೇಲೆ ನನ್ನ ಸರದಿ ಬಂತು.

‘ಝ ನೇ ಪಾ ದಾನಿಮಾಲ್’ ಎಂದೆ. ನನ್ನ ಹತ್ತಿರ ಯಾವ ಪ್ರಾಣಿಯೂ ಇಲ್ಲ.

‘ತ್ರೆ ಬ್ಯಾಂ!’ ಎಂದರು ಮೇಡಂ. ತುಂಬಾ ಚೆನ್ನಾಗಿದೆ ಎಂದರ್ಥ. ಅವರು ಮೆಚ್ಚಿದ್ದಕ್ಕೆ ಕಾರಣವಿತ್ತು. ಫ್ರೆಂಚ್‌ನಲ್ಲಿ ‘ಒಂದು ಪ್ರಾಣಿ ಇದೆ’ ಎನ್ನುವಾಗ ಬರುವ ‘ಅಂ’ ಅಥವಾ ‘ಉನ್’, ‘ಇಲ್ಲ’ ಎನ್ನುವಾಗ ‘ದ’ ಆಗಿಬಿಡುತ್ತದೆ. ಹೊಸದಾಗಿ ಕಲಿಯುವವರು ಇಲ್ಲೇ ಎಡವುತ್ತಾರೆ. ನಾನು ಎಡವಲಿಲ್ಲ. ನನ್ನ ವಾಕ್ಯದ ವ್ಯಾಕರಣ ಪೂರ್ತಿ ಸರಿಯಿತ್ತು, ಅರ್ಥ ಮಾತ್ರ ಪೂರ್ತಿ ಸುಳ್ಳು.

ನಾನು ಕೂತಿದ್ದ ಪಡಸಾಲೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಕೊಟ್ಟಿಗೆ. ಅಲ್ಲಿ ಒಂದು ಎತ್ತು, ಒಂದು ಆಕಳು. ಹೊಸ್ತಿಲ ಹತ್ತಿರ ಮಲಗಿದ್ದ ನಾಯಿ ಮೋತ್ಯಾ. ಆಕಳು ಎಲ್ಲಿ ಕೂಗಿಬಿಡುತ್ತದೋ ಎಂದು ತರಗತಿಯುದ್ದಕ್ಕೂ ನಾನು ಮೈಕ್ ಮ್ಯೂಟ್ ಮಾಡಿಯೇ ಕೂತಿದ್ದೆ. ಲ್ಯಾಬ್ರಡಾರ್ ಮುಂದೆ ಎತ್ತಿನ ಹೆಸರು ಹೇಳಲು ನಾಚಿಕೆಯಾಗಿತ್ತು.

ನಮ್ಮ ಊರು ಬಸವಕಲ್ಯಾಣ. ಬಸವ ಎಂದರೇ ಎತ್ತು. ಸಂಸ್ಕೃತದ ‘ವೃಷಭ’ದಿಂದ ಬಂದ ಪದ. ಊರಿನ ಹೆಸರಿನಲ್ಲೇ ಎತ್ತು ಇಟ್ಟುಕೊಂಡವನು ಮನೆಯ ಎತ್ತನ್ನು ಮುಚ್ಚಿಟ್ಟಿದ್ದೆ.

ಮುತ್ಯಾ ಕೇಳಿದ ಪ್ರಶ್ನೆ

ತರಗತಿ ಮುಗಿದ ಮೇಲೆ ಮುತ್ಯಾ ಕೇಳಿದ, ‘ಏನ್ ಕಲೀಲತ್ತಿ ತಮ್ಮಾ? ಏನೋ ಒದರ್ತಿದ್ದಿ ಅದರಾಗ?’

‘ಮನ್ಯಾಗ ಪ್ರಾಣಿ ಅವ ಏನು ಅಂತ ಕೇಳಿದ್ರು ಮುತ್ಯಾ. ಇಲ್ಲ ಅಂದೆ.’

ಮುತ್ಯಾ ಸಿಟ್ಟಾಗಲಿಲ್ಲ. ತಂಬಾಕು ತಿಕ್ಕುತ್ತಾ, ‘ಹಂಗಾದ್ರ ಕೊಟ್ಟಗಿಯೊಳಗ ನಿಂತಾಂವ ಯಾರು?’ ಎಂದ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಮನೆಯಲ್ಲಿ ಇದ್ದದ್ದು ಜೋಡೆತ್ತು: ಸರ್ಜಾ ಮತ್ತು ರಾಜಾ. ಹೋದ ವರ್ಷ ರಾಜಾ ಸತ್ತ. ಒಂಟಿ ಎತ್ತಿನಿಂದ ನೇಗಿಲು ಸಾಗುವುದಿಲ್ಲ. ಈಗ ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರ್ ಬರುತ್ತದೆ. ಸರ್ಜಾನನ್ನು ಮಾರಿಬಿಡೋಣ ಎಂದು ಅಪ್ಪ ಹೇಳಿ ತಿಂಗಳುಗಳಾಗಿವೆ. ಮೇವಿನ ಖರ್ಚು, ಆಳಿನ ಖರ್ಚು ಎಲ್ಲ ಲೆಕ್ಕ ಹಾಕಿ ತೋರಿಸಿದ್ದಾನೆ. ಅಪ್ಪನ ಲೆಕ್ಕದಲ್ಲಿ ತಪ್ಪಿಲ್ಲ. ಮುತ್ಯಾ ಮಾತ್ರ ‘ನೋಡೂಣು’ ಎಂದು ಎದ್ದು ಹೋಗುತ್ತಾನೆ. ಅಂದರೆ ನಾನು ಅಂದು ಹೇಳಿದ ಸುಳ್ಳು ಮುಂದೊಂದು ದಿನ ಅರ್ಧ ನಿಜವಾಗುವ ಸಾಧ್ಯತೆ ಇತ್ತು.

ಮುಂದಿನ ವಾರ ಮನೆಯ ಪ್ರಾಣಿಯ ಬಗ್ಗೆ ಎಂಟು ವಾಕ್ಯ ಬರೆದು ತರಬೇಕಿತ್ತು. ಸುಳ್ಳು ಮುಂದುವರಿಸಬಹುದಿತ್ತು. ಆದರೆ ನಾನು ಸರ್ಜಾನ ಬಗ್ಗೆಯೇ ಬರೆಯಲು ಕೂತೆ. ಆ ಎಂಟು ವಾಕ್ಯಗಳಲ್ಲಿ ಕಲಿತಷ್ಟು ಫ್ರೆಂಚನ್ನು ಅದಕ್ಕೂ ಮೊದಲಿನ ಮೂರು ವಾರ ನಾನು ಕಲಿತಿರಲಿಲ್ಲ.

‘ಅದು’ ಎಂಬ ಪದವೇ ಇಲ್ಲ

ಮೊದಲ ವಾಕ್ಯ ಸುಲಭ. ‘ನೂ ಝಾವೋಂ ಅಂ ಬಫ್’. ನಮ್ಮಲ್ಲಿ ಒಂದು ಎತ್ತು ಇದೆ. ಕನ್ನಡದಲ್ಲಿ ‘ಇದೆ’ ಎನ್ನುತ್ತೇವೆ. ಇಂಗ್ಲಿಷ್‌ನ ‘ಹ್ಯಾವ್’ ಥರದ ಕ್ರಿಯಾಪದ ನಮಗಿಲ್ಲ. ಫ್ರೆಂಚ್‌ಗೆ ಇದೆ, ಅದರ ಹೆಸರು ‘ಅವ್ವಾರ್’. ನಾನು ಎಂದರೆ ‘ಝೇ’, ನಾವು ಎಂದರೆ ‘ನೂ ಝಾವೋಂ’.

ಎರಡನೇ ವಾಕ್ಯ, ‘ಅದರ ಹೆಸರು ಸರ್ಜಾ’. ಇಲ್ಲಿ ನಿಂತೆ. ‘ಅದು’ ಎನ್ನಲು ಫ್ರೆಂಚ್‌ನಲ್ಲಿ ಏನು? ಪುಸ್ತಕ ಹುಡುಕಿದೆ. ಗಂಡಿಗೆ ‘ಇಲ್’, ಹೆಣ್ಣಿಗೆ ‘ಎಲ್’. ಮನುಷ್ಯರಿಗೂ ಅದೇ, ಪ್ರಾಣಿಗಳಿಗೂ ಅದೇ, ಕುರ್ಚಿ ಮೇಜಿಗೂ ಅದೇ. ಫ್ರೆಂಚ್‌ನಲ್ಲಿ ನಪುಂಸಕಲಿಂಗದ ನಾಮಪದಗಳೇ ಇಲ್ಲ. ಹಾಗಾಗಿ ಸರ್ಜಾನಿಗೆ ‘ಇಲ್’ ಎನ್ನಲೇಬೇಕು. ‘ಇಲ್ ಸಾಪೆಲ್ ಸರ್ಜಾ’. ಅವನ ಹೆಸರು ಸರ್ಜಾ.

ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ನಾವು ಓದಿದ್ದು ಬೇರೆ. ಮನುಷ್ಯರಿಗೆ ಪುಲ್ಲಿಂಗ, ಸ್ತ್ರೀಲಿಂಗ, ಪ್ರಾಣಿಗಳೆಲ್ಲ ನಪುಂಸಕಲಿಂಗ. ಎತ್ತು ಬಂತು, ಆಕಳು ಬಂತು, ನಾಯಿ ಬಂತು. ಆದರೆ ಮುತ್ಯಾ ಯಾವತ್ತೂ ಹಾಗೆ ಮಾತಾಡಿದ್ದು ನಾನು ಕೇಳಿಲ್ಲ. ‘ಅಂವ ಇನ್ನಾ ನೀರ ಕುಡ್ದಿಲ್ಲ ನೋಡು’ ಎನ್ನುತ್ತಾನೆ. ಆಕಳಿಗೆ ‘ಆಕಿ ಇವತ್ತ ಯಾಕೋ ಮೇವು ಮುಟ್ಟಿಲ್ಲ’ ಎನ್ನುತ್ತಾನೆ. ನಿಮ್ಮ ಮನೆಯ ಹಿರಿಯರೂ ಹೀಗೇ ಅನ್ನುತ್ತಿರಬಹುದು. ಮುತ್ಯಾನ ‘ಅಂವ’ ಫ್ರೆಂಚ್‌ನ ‘ಇಲ್’, ‘ಆಕಿ’ ಫ್ರೆಂಚ್‌ನ ‘ಎಲ್’. ಇಷ್ಟು ದಿನ ಅದು ಮುತ್ಯಾನ ಹಳೇ ಕಾಲದ ಮಾತು ಎಂದುಕೊಂಡಿದ್ದೆ. ನಾನು ದುಡ್ಡು ಕೊಟ್ಟು ಕಲಿಯುತ್ತಿದ್ದ ಪಾಠಕ್ಕೆ ನನ್ನ ಶಾಲೆಯ ಕನ್ನಡಕ್ಕಿಂತ ಮುತ್ಯಾನ ಕನ್ನಡವೇ ಹತ್ತಿರವಿತ್ತು.

ಹುಮನಾಬಾದ್ ಓಣಿಯ ವ್ಯಾಕರಣ

ಫ್ರೆಂಚ್ ಕಲಿಯುವ ಕನ್ನಡದ ಹುಡುಗರಿಗೆ ಲಿಂಗವೇ ದೊಡ್ಡ ತಲೆನೋವು. ಕುರ್ಚಿ ಯಾಕೆ ಹೆಣ್ಣು, ಪುಸ್ತಕ ಯಾಕೆ ಗಂಡು ಎಂದು ಕೇಳುತ್ತಾ ಕೂತರೆ ಮುಗಿಯದು. ಆದರೆ ನಮ್ಮ ಭಾಗದವರಿಗೆ ಒಂದು ಅನುಕೂಲವಿದೆ. ಅದು ನನಗೆ ಗೊತ್ತಾದದ್ದು ಹುಮನಾಬಾದ್‌ನಲ್ಲಿ.

ಅಲ್ಲಿ ನನ್ನ ಸೋದರಮಾವನ ಮನೆ. ನಮ್ಮೂರಿನಿಂದ ಸುಮಾರು 30 ಕಿ.ಮೀ. ರಜೆ ಸಿಕ್ಕರೆ ಬಸ್ ಹತ್ತಿಬಿಡುತ್ತೇನೆ. ಮಾವನ ಓಣಿಯಲ್ಲಿ ಒಂದು ಕಡೆ ದಖನಿ ಉರ್ದು, ಇನ್ನೊಂದು ಕಡೆ ಮರಾಠಿ, ನಡುವೆ ನಮ್ಮ ಕನ್ನಡ. ಬೀದರ್ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು, ಪಕ್ಕದಲ್ಲೇ ಮಹಾರಾಷ್ಟ್ರ. ಹಾಗಾಗಿ ಇಲ್ಲಿ ಮೂರು ಭಾಷೆ ಕಿವಿಗೆ ಬೀಳದೆ ಯಾರೂ ಬೆಳೆಯುವುದಿಲ್ಲ.

ಆ ದಿನ ಪಕ್ಕದ ಮನೆಯ ಖಾಲಾ ಆಡಿಗೆ ಸೊಪ್ಪು ಹಾಕುತ್ತಾ ‘ಮೇರೀ ಬಕ್ರೀ ಕಾಲೀ ಹೈ, ಓ ಉನ್ಕೀ ಹೈ’ ಎಂದು ಯಾರಿಗೋ ಹೇಳುತ್ತಿದ್ದರು. ಎದುರು ಮನೆಯ ಮರಾಠಿ ಆಜಿ ‘ಮಾಝಾ ಕಾಳಾ ಕುತ್ರಾ’, ‘ಮಾಝೀ ಕಾಳೀ ಮ್ಹೈಸ್’ ಎನ್ನುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ನನಗೆ ಥಟ್ಟನೆ ಹೊಳೆಯಿತು. ಫ್ರೆಂಚ್‌ನಲ್ಲೂ ಇದೇ ತಾನೇ! ನಾಯಿ ಗಂಡು, ಆದ್ದರಿಂದ ‘ಮೋಂ ಶ್ಯಾಂ’. ಆಡು ಹೆಣ್ಣು, ಆದ್ದರಿಂದ ‘ಮಾ ಶೆವ್ರ್’. ಆಕಳು ‘ಮಾ ವಾಶ್’. ಒಂದಕ್ಕಿಂತ ಹೆಚ್ಚಾದರೆ ಗಂಡಿಗೂ ಹೆಣ್ಣಿಗೂ ಒಂದೇ, ‘ಮೇ’. ಉರ್ದುವಿನ ‘ಮೇರಾ, ಮೇರೀ’ ಬರುವವರಿಗೆ ಫ್ರೆಂಚ್‌ನ ‘ಮೋಂ, ಮಾ’ ಹೊಸದೇನಲ್ಲ.

ಹಾಗೆಂದು ಕಣ್ಣು ಮುಚ್ಚಿ ನಂಬಬೇಡಿ. ಬೆಕ್ಕು ಹಿಂದಿ–ಉರ್ದುವಿನಲ್ಲಿ ‘ಬಿಲ್ಲೀ’, ಹೆಣ್ಣು. ಮರಾಠಿಯಲ್ಲಿ ‘ಮಾಂಜರ್’, ನಪುಂಸಕ. ಫ್ರೆಂಚ್‌ನಲ್ಲಿ ‘ಶಾ’, ಗಂಡು. ಇಲಿ ಹಿಂದಿಯಲ್ಲಿ ‘ಚೂಹಾ’ ಗಂಡು, ಫ್ರೆಂಚ್‌ನಲ್ಲಿ ‘ಸೂರಿ’ ಹೆಣ್ಣು. ಲಿಂಗ ಎಂಬ ಪದ್ಧತಿಯನ್ನು ನೆರೆಯ ಭಾಷೆಗಳಿಂದ ತರಬಹುದು. ಯಾವ ಪದಕ್ಕೆ ಯಾವ ಲಿಂಗ ಎಂಬುದನ್ನು ತರಲಾಗದು. ಅದನ್ನು ಒಂದೊಂದಾಗಿ ಕಲಿಯಬೇಕು. ನಾನು ಮಾಡಿಕೊಂಡ ಉಪಾಯ ಸರಳ. ‘ಶ್ಯಾಂ’ ಎಂದು ಬಾಯಿಪಾಠ ಮಾಡುವುದಿಲ್ಲ, ‘ಅಂ ಶ್ಯಾಂ’ ಎಂದೇ ಮಾಡುತ್ತೇನೆ. ‘ವಾಶ್’ ಅಲ್ಲ, ‘ಉನ್ ವಾಶ್’. ನೋಟ್‌ಬುಕ್‌ನಲ್ಲಿ ಗಂಡು ಪದಗಳಿಗೆ ನೀಲಿ ಪೆನ್ನು, ಹೆಣ್ಣು ಪದಗಳಿಗೆ ಕೆಂಪು ಪೆನ್ನು.

ಎತ್ತು ಯಾರದು?

ಮೂರನೇ ವಾಕ್ಯದಲ್ಲಿ ಇನ್ನೊಂದು ತೊಡಕು. ‘ಸರ್ಜಾ ನನ್ನ ಮುತ್ಯಾನ ಎತ್ತು, ಅವನ ಎತ್ತು’ ಎಂದು ಬರೆಯಬೇಕಿತ್ತು. ಕನ್ನಡದಲ್ಲಿ ‘ಅವನ ಎತ್ತು’, ‘ಅವಳ ಎತ್ತು’ ಎಂದು ಒಡೆಯ ಯಾರೆಂದು ಹೇಳುತ್ತೇವೆ. ಇಂಗ್ಲಿಷ್‌ನ ‘ಹಿಸ್’, ‘ಹರ್’ ಕೂಡ ಹಾಗೇ. ಫ್ರೆಂಚ್ ಒಡೆಯನನ್ನು ನೋಡುವುದಿಲ್ಲ, ಎತ್ತನ್ನು ನೋಡುತ್ತದೆ. ಎತ್ತು ಗಂಡು, ಆದ್ದರಿಂದ ‘ಸೋಂ ಬಫ್’. ಅದು ಮುತ್ಯಾನದಾದರೂ ‘ಸೋಂ’, ಆಯಿಯದಾದರೂ ‘ಸೋಂ’. ಆಕಳು ಹೆಣ್ಣು, ಆದ್ದರಿಂದ ಯಾರದೇ ಆಗಲಿ ‘ಸಾ ವಾಶ್’. ಇಂಗ್ಲಿಷ್ ಮೂಲಕ ಫ್ರೆಂಚ್ ಕಲಿಯುವವರು ಇಲ್ಲಿ ಹೆಚ್ಚು ತಪ್ಪು ಮಾಡುತ್ತಾರೆ. ‘ಉಸ್ಕಾ ಕುತ್ತಾ, ಉಸ್ಕೀ ಬಕ್ರೀ’ ಎಂದು ನೆನೆಸಿಕೊಂಡರೆ ತಪ್ಪುವುದಿಲ್ಲ.

ಬಣ್ಣ ಹೇಳುವುದು ನಮಗೆ ಗೊತ್ತು

ಪ್ರಾಣಿಯ ವರ್ಣನೆ ಎಂದ ಮೇಲೆ ಬಣ್ಣ ಬೇಕು. ಸರ್ಜಾ ದೇವಣಿ ತಳಿಯವನು. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ದೇವಣಿಯಿಂದ ಬಂದ ಹೆಸರಿದು. ಬೀದರ್ ಜಿಲ್ಲೆಯೂ ಈ ತಳಿಯ ನೆಲೆ. ಹಾಲಿಗೂ ದುಡಿಮೆಗೂ ಆಗುವ ದನ. ಭಾಲ್ಕಿ ತಾಲ್ಲೂಕಿನ ಕಟ್ಟಿತೂಗಾಂವದಲ್ಲಿ ಇದಕ್ಕೆಂದೇ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಮೈಬಣ್ಣ ನೋಡಿ ದೇವಣಿಯಲ್ಲಿ ಮೂರು ಬಗೆ ಹೇಳುತ್ತಾರೆ. ಮೈಯೆಲ್ಲ ಬಿಳಿಯಿದ್ದು ಮುಖದ ಪಕ್ಕಗಳು ಕಪ್ಪಗಿದ್ದರೆ ವಾನೇರಾ. ಬಿಳಿ ಮೈಗೆ ಕೆಳಭಾಗದಲ್ಲಿ ಮಾತ್ರ ಕಪ್ಪು ಚುಕ್ಕೆಗಳಿದ್ದರೆ ಬಾಳಂಕ್ಯಾ. ಬಿಳಿ ಮೈಮೇಲೆ ಅಲ್ಲಲ್ಲಿ ಕಪ್ಪು ಮಚ್ಚೆಗಳಿದ್ದರೆ ಶೇವರಾ. ನಮ್ಮ ಸರ್ಜಾ ಶೇವರಾ, ಆಕಳು ವಾನೇರಾ.

ಕನ್ನಡದಲ್ಲಿ ‘ಕರಿ’ ಎಂಬ ಪದ ಎಲ್ಲಿಗೆ ಹೋದರೂ ‘ಕರಿ’ಯೇ. ಕರಿ ನಾಯಿ, ಕರಿ ಎಮ್ಮೆ, ಕರಿ ಎಮ್ಮೆಗಳು. ಫ್ರೆಂಚ್‌ನಲ್ಲಿ ಗುಣವಾಚಕವೂ ಲಿಂಗ, ವಚನಕ್ಕೆ ತಕ್ಕಂತೆ ಬದಲಾಗುತ್ತದೆ. ಬಿಳಿ ಎತ್ತು ‘ಅಂ ಬಫ್ ಬ್ಲಾಂ’, ಬಿಳಿ ಆಕಳು ‘ಉನ್ ವಾಶ್ ಬ್ಲಾಂಶ್’. ಕಪ್ಪಿಗೆ ‘ನ್ವಾರ್’. ಇದು ಹೆಣ್ಣಿಗೂ ಗಂಡಿಗೂ ಕೇಳಲು ಒಂದೇ. ಬರೆಯುವಾಗ ಮಾತ್ರ ಹೆಣ್ಣಿಗೆ ಕೊನೆಯಲ್ಲಿ ‘ಇ’ ಅಕ್ಷರ ಸೇರುತ್ತದೆ. ಕಿವಿಗೆ ಕೇಳದ ಆ ಒಂದು ಅಕ್ಷರ ಬಿಟ್ಟು ನಾನು ಎಷ್ಟು ಸಲ ಅಂಕ ಕಳೆದುಕೊಂಡಿದ್ದೇನೋ!

ಇನ್ನೊಂದು ನಿಯಮ, ಜಾಗದ್ದು. ಬಣ್ಣ ಹೇಳುವ ಪದ ನಾಮಪದದ ಹಿಂದೆ ಬರುತ್ತದೆ: ‘ನಾಯಿ ಕರಿ’ ಎಂಬಂತೆ ‘ಶ್ಯಾಂ ನ್ವಾರ್’. ಆದರೆ ಚಿಕ್ಕದು, ದೊಡ್ಡದು, ಚೆಂದದ್ದು, ಮುದಿಯದು ಎನ್ನುವ ಪದಗಳು ಸಾಮಾನ್ಯವಾಗಿ ಮುಂದೆಯೇ. ಚಿಕ್ಕ ಕರಿ ನಾಯಿ ಎಂದರೆ ‘ಅಂ ಪತಿ ಶ್ಯಾಂ ನ್ವಾರ್’. ಹೌದು, ಫ್ರೆಂಚ್‌ನಲ್ಲಿ ‘ಪತಿ’ ಎಂದರೆ ಗಂಡನಲ್ಲ, ‘ಚಿಕ್ಕ’. ಹೆಣ್ಣಾದರೆ ‘ಪತಿತ್’. ಇದನ್ನು ಮಾವನ ಮನೆಯಲ್ಲಿ ಹೇಳಿದಾಗ ಅತ್ತಿ ಬಿದ್ದು ಬಿದ್ದು ನಕ್ಕಳು. ಆ ಪದ ನನಗೆ ಇನ್ನು ಮರೆಯುವುದಿಲ್ಲ.

ಸರ್ಜಾನ ವರ್ಣನೆ ಹೀಗಾಯಿತು: ‘ಇಲ್ ಎ ಬ್ಲಾಂ ಆವೆಕ್ ದೇ ತಾಶ್ ನ್ವಾರ್’. ಅವನು ಬಿಳಿ, ಮೈಮೇಲೆ ಕಪ್ಪು ಮಚ್ಚೆಗಳು. ಶೇವರಾ ಎಂಬ ಒಂದು ಪದದಲ್ಲಿ ನಮ್ಮ ರೈತರು ಹೇಳುವುದಕ್ಕೆ ಫ್ರೆಂಚ್‌ನಲ್ಲಿ ನನಗೆ ಒಂದಿಡೀ ವಾಕ್ಯ ಬೇಕಾಯಿತು.

ವಯಸ್ಸಿನ ವಾಕ್ಯವನ್ನೂ ಹೇಳಿಬಿಡುತ್ತೇನೆ. ಇಂಗ್ಲಿಷ್‌ನ ದಾರಿಯಲ್ಲಿ ಹೋಗಿ ‘ಇಲ್ ಎ ದೂಝ್ ಆಂ’ ಎಂದು ಬರೆದಿದ್ದೆ. ಮೇಡಂ ಕೆಂಪು ಗೆರೆ ಎಳೆದರು. ಫ್ರೆಂಚ್‌ನಲ್ಲಿ ವಯಸ್ಸು ನಾವು ‘ಆಗಿರುವುದು’ ಅಲ್ಲ, ನಮ್ಮ ಹತ್ತಿರ ‘ಇರುವುದು’. ‘ಇಲ್ ಆ ದೂಝ್ ಆಂ’. ಅವನಲ್ಲಿ ಹನ್ನೆರಡು ವರ್ಷಗಳಿವೆ. ಅವನಿಗೆ ಹನ್ನೆರಡು ವರ್ಷ ಎನ್ನುವ ಕನ್ನಡದಲ್ಲೂ ‘ಆಗಿದ್ದಾನೆ’ ಇಲ್ಲವಲ್ಲ!

ಒಂಟಿಯಾದಾಗ ಕೇಳುವ ಅಕ್ಷರ

ಪಾಠದಲ್ಲಿ ನನ್ನನ್ನು ಸುಮ್ಮನಾಗಿಸಿದ ಒಂದು ವಿಷಯವಿದೆ. ಫ್ರೆಂಚ್‌ನಲ್ಲಿ ಬಹುವಚನಕ್ಕೆ ಸಾಮಾನ್ಯವಾಗಿ ಕೊನೆಯಲ್ಲಿ ‘ಎಸ್’ ಬರೆಯುತ್ತಾರೆ, ಆದರೆ ಓದುವುದಿಲ್ಲ. ಹಾಗಾಗಿ ನಾಯಿ, ನಾಯಿಗಳು ಎರಡೂ ‘ಶ್ಯಾಂ’. ಎತ್ತು ಮಾತ್ರ ಬೇರೆ. ಒಂದೇ ಎತ್ತಾದರೆ ‘ಬಫ್’. ಎರಡಾದರೆ ‘ಫ್’ ಸದ್ದೂ ಹೋಗಿ, ತುಟಿ ಮುಂದೆ ಚಾಚಿ ಹೇಳುವ ಬರೀ ‘ಬ’ ಉಳಿಯುತ್ತದೆ. ಜೋಡಿ ಇದ್ದಾಗ ಕೇಳದ ಅಕ್ಷರ, ಒಂದೇ ಉಳಿದಾಗ ಕೇಳುತ್ತದೆ.

ನೋಟ್‌ಬುಕ್‌ನಲ್ಲಿ ಅಭ್ಯಾಸಕ್ಕೆಂದು ‘ನಮ್ಮಲ್ಲಿ ಎರಡು ಎತ್ತು ಇವೆ’ ಎಂದು ಬರೆದಿದ್ದೆ. ನಂತರ ಅದನ್ನು ಹೊಡೆದುಹಾಕಿ ಒಂದು ಎಂದು ತಿದ್ದಿದೆ. ‘ಇದ್ದವು’ ಎನ್ನಲು ನನಗೆ ಆಗ ಬರುತ್ತಿರಲಿಲ್ಲ. ಭೂತಕಾಲ ಮುಂದಿನ ಪಾಠಗಳಲ್ಲಿದೆ.

ವಾರದ ನಂತರ ತರಗತಿಯಲ್ಲಿ ಮೈಕ್ ಅನ್‌ಮ್ಯೂಟ್ ಮಾಡಿ ಎಂಟೂ ವಾಕ್ಯ ಓದಿದೆ. ಮೊದಲಿಗೆ, ಹೋದ ವಾರ ಹೇಳಿದ್ದು ಸುಳ್ಳು ಎಂದು ಇಂಗ್ಲಿಷ್‌ನಲ್ಲಿ ಒಪ್ಪಿಕೊಂಡೆ. ಯಾರೂ ನಗಲಿಲ್ಲ. ಲ್ಯಾಬ್ರಡಾರ್ ಹುಡುಗಿ ‘ಇಲ್ ಎ ಗ್ರಾಂ?’ ಎಂದು ಕೇಳಿದಳು. ಅವನು ದೊಡ್ಡವನಾ? ನಾನು ಫೋನ್ ಹಿಡಿದು ಕೊಟ್ಟಿಗೆಗೆ ಹೋದೆ. ಸರ್ಜಾನ ಇಣಿ, ಕೋಡು, ಮಚ್ಚೆ ಎಲ್ಲ ತೋರಿಸಿದೆ. ಆ ದಿನ ಉಳಿದ ಇಪ್ಪತ್ತು ನಿಮಿಷ ತರಗತಿ ಸರ್ಜಾನ ಮೇಲೆಯೇ ನಡೆಯಿತು. ಹೋರಿಗೆ ‘ತೋರೋ’, ಕರುವಿಗೆ ‘ವೋ’ ಎಂದು ಮೇಡಂ ಬೋರ್ಡಿನಲ್ಲಿ ಬರೆದರು. ಪಠ್ಯಪುಸ್ತಕದ ಆ ಪಾಠದಲ್ಲಿ ಈ ಪದಗಳಿರಲಿಲ್ಲ.

ಕೆಲಸಕ್ಕೆ ಬರುತ್ತದಾ?

ನನ್ನಂಥ ಬಿ.ಇ. ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ ಇದೇ. ನೇರವಾಗಿ ಹೇಳುತ್ತೇನೆ. ನಾಯಿ, ಬೆಕ್ಕಿನ ವರ್ಣನೆ ಬರುವುದು ಎ1 ಹಂತದಲ್ಲಿ. ಭಾಷಾ ಕಲಿಕೆಯ ಯುರೋಪಿನ ಅಳತೆಗೋಲಿನಲ್ಲಿ ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಮೆಟ್ಟಿಲು. ಎ1 ಮಾತ್ರ ಇಟ್ಟುಕೊಂಡು ಕೆಲಸ ಸಿಗುವುದಿಲ್ಲ. ಫ್ರೆಂಚ್ ಮಾಧ್ಯಮದಲ್ಲಿ ಪದವಿ ಓದಲು ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಆದರೆ ಮೊದಲ ಮೆಟ್ಟಿಲು ಹತ್ತದೆ ನಾಲ್ಕನೆಯದು ಸಿಗದು. ಏರ್‌ಬಸ್, ಸಾಫ್ರಾನ್, ಥೇಲ್ಸ್, ಕ್ಯಾಪ್‌ಜೆಮಿನಿಯಂಥ ಫ್ರಾನ್ಸ್ ನಂಟಿನ ಕಂಪನಿಗಳು ಬೆಂಗಳೂರಿನಲ್ಲೇ ಇವೆ. 2030ರ ಹೊತ್ತಿಗೆ 30,000 ಭಾರತೀಯ ವಿದ್ಯಾರ್ಥಿಗಳು ಫ್ರಾನ್ಸ್‌ನಲ್ಲಿ ಓದುವಂತಾಗಬೇಕು ಎಂಬ ಗುರಿಯನ್ನು ಅಲ್ಲಿನ ಅಧ್ಯಕ್ಷ ಇಮ್ಯಾನುಯೆಲ್ ಮ್ಯಾಕ್ರಾನ್ 2024ರ ಜನವರಿಯಲ್ಲಿ ಹೇಳಿದ್ದಾರೆ.

ಎ1 ಹಂತಕ್ಕೆ ‘ಡೆಲ್ಫ್’ ಪರೀಕ್ಷೆ ಇದೆ. ಪ್ರಮಾಣಪತ್ರ ಕೊಡುವುದು ಫ್ರಾನ್ಸ್‌ನ ಶಿಕ್ಷಣ ಸಚಿವಾಲಯ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ತಲಾ 25 ಅಂಕ. ಪಾಸಾಗಲು ಒಟ್ಟು 50 ಬೇಕು, ಪ್ರತಿ ಭಾಗದಲ್ಲೂ ಕನಿಷ್ಠ 5 ಇರಬೇಕು. ಮಾತಿನ ಪರೀಕ್ಷೆ 5ರಿಂದ 7 ನಿಮಿಷ. ನಿಮ್ಮ ಬಗ್ಗೆ, ಮನೆಯವರ ಬಗ್ಗೆ ಹೇಳಬೇಕು. ಚೀಟಿಯಲ್ಲಿ ಬಂದ ಪದ ಇಟ್ಟುಕೊಂಡು ಪ್ರಶ್ನೆ ಕೇಳಬೇಕು. ಒಮ್ಮೆ ಪಡೆದ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವ ಭಯವಿಲ್ಲ. ಪರೀಕ್ಷೆ, ತರಗತಿ ನಡೆಸುವ ಅಲಿಯಾನ್ಸ್ ಫ್ರಾನ್ಸೇಝ್ ಬೆಂಗಳೂರಿನಲ್ಲಿದೆ. ನಮ್ಮ ಭಾಗದವರಿಗೆ ಹೈದರಾಬಾದ್ ಹತ್ತಿರ, ಅಲ್ಲಿಯೂ ಇದೆ.

ಶುರು ಮಾಡುವವರಿಗೆ ನನ್ನದೊಂದು ಮಾತು. ಪುಸ್ತಕದ ನಾಯಿಯನ್ನು ಬಿಡಿ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇರುವ ಒಂದು ಪ್ರಾಣಿಯನ್ನು ಆರಿಸಿಕೊಳ್ಳಿ. ಇದೆ, ಹೆಸರು, ವಯಸ್ಸು, ಬಣ್ಣ, ಗಾತ್ರ, ಯಾರದು ಎಂದು ಆರು ವಾಕ್ಯ ಬರೆಯಿರಿ. ಆಮೇಲೆ ಅದನ್ನೇ ಹೆಣ್ಣು ಪ್ರಾಣಿಗೆ ಬದಲಿಸಿ, ಬಹುವಚನಕ್ಕೆ ಬದಲಿಸಿ. ಎ1 ವ್ಯಾಕರಣದ ಮುಖ್ಯ ನಿಯಮಗಳು ಅದರಲ್ಲೇ ಬಂದುಬಿಡುತ್ತವೆ. ನಿಜವಾಗಿ ಹೇಳಬೇಕೆನಿಸಿದ ಮಾತು ಯಾವ ಭಾಷೆಯಲ್ಲಾದರೂ ಬೇಗ ನಾಲಿಗೆಗೆ ಹತ್ತುತ್ತದೆ.

ಸರ್ಜಾನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಕಾರಹುಣ್ಣಿಮೆ ಕಳೆಯಲಿ ಎಂದು ಮುತ್ಯಾ ಗಡುವು ಕೇಳಿದ್ದ. ಹಬ್ಬದ ದಿನ ಕೋಡಿಗೆ ಬಣ್ಣ ಹಚ್ಚಿ, ಒಂಟಿ ಎತ್ತನ್ನೇ ಓಣಿಯಲ್ಲಿ ಹೊಡೆದುಕೊಂಡು ಬಂದ. ಹಬ್ಬ ಕಳೆಯಿತು. ಅಪ್ಪ ಮತ್ತೆ ಆ ಮಾತು ಎತ್ತಿಲ್ಲ, ಮುತ್ಯಾನೂ ಎತ್ತಿಲ್ಲ. ಮೊನ್ನೆ ಮುತ್ಯಾ, ‘ನಿಮ್ಮ ಮೇಡಂ ಸರ್ಜಾಗ ಕೇಳಿದ್ಳೇನು?’ ಎಂದ. ಕೇಳಿದರು ಎಂದೆ. ನಿಜಕ್ಕೂ ಕೇಳಿದ್ದರು.

ಮುಂದಿನ ತಿಂಗಳು ಭೂತಕಾಲದ ಪಾಠ ಶುರುವಾಗುತ್ತದಂತೆ. ಕಲಿಯುತ್ತೇನೆ. ರಾಜಾನ ಬಗ್ಗೆ ಬರೆಯಲು ಅದು ಬೇಕು. ಸರ್ಜಾನ ಎಂಟು ವಾಕ್ಯಗಳು ಸದ್ಯಕ್ಕೆ ವರ್ತಮಾನದಲ್ಲೇ ಇರಲಿ.